ಮಾಗಿದ ಕಂಠದ ಮಲ್ಲಿಗೆ

ಪ್ರೀತಿಯ ಹಾಡು ಹಾಡುವುದಕ್ಕೆ ವಯಸ್ಸಿನ ಮಿತಿ ಉಂಟೇ? ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲ. ಆದರೆ ನಮ್ಮ ಮನೆಗಳಲ್ಲಿ, ಮದುವೆಯ ಹಾಲ್‌ಗಳಲ್ಲಿ, ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಆ ಮಿತಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಇಪ್ಪತ್ತರವರು ಹಾಡಿದರೆ ಚಂದ. ಮೂವತ್ತರವರು ಹಾಡಿದರೆ ಅಡ್ಡಿಯಿಲ್ಲ. ನಲುವತ್ತು ದಾಟಿದವರು ಹಾಡಿದರೆ ಕೇಳುವವರ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು. ಐವತ್ತು ಕಳೆಯಿತೋ, ಆಮೇಲೆ ಭಜನೆ. ನಮ್ಮ ಬಿ.ಸಿ.ರೋಡಿನ ಸುತ್ತಮುತ್ತ ಭಜನಾ ಮಂಡಳಿಗಳಿಗೇನೂ ಕೊರತೆಯಿಲ್ಲ. ನಾನೂ ಒಂದರ ಸದಸ್ಯೆಯೇ. ಭಜನೆಯ ಬಗ್ಗೆ ನನ್ನ ತಕರಾರಿಲ್ಲ. ಪ್ರೀತಿಯ ಹಾಡನ್ನು ಕೈಯಿಂದ ತೆಗೆದಿಟ್ಟು, ಅದರ ಬದಲಿಗೆ ತಾಳ ಕೊಡುವ ಕ್ರಮವಿದೆಯಲ್ಲ, ಅದರ ಬಗ್ಗೆ ಇದೆ.

ಈ ಮಾತು ಎತ್ತಲು ಕಾರಣ ಸಿ. ಅಶ್ವತ್ಥ್. ಐವತ್ತು, ಅರುವತ್ತು ದಾಟಿದ ಮೇಲೂ 'ಮೈಸೂರ ಮಲ್ಲಿಗೆ'ಯ ಹೊಸ ದಂಪತಿಗಳ ಪ್ರೀತಿಯನ್ನು ಹಾಡುತ್ತಲೇ ಇದ್ದವರು ಅವರು. ಅವರನ್ನು ಯಾರೂ ನಗಲಿಲ್ಲ. ಕೇಳಲು ಜನ ಕಿಕ್ಕಿರಿದು ಸೇರಿದರು. ಹಾಗಾದರೆ ಮಾಗಿದ ಕಂಠಕ್ಕೆ ಮಲ್ಲಿಗೆ ಒಪ್ಪುತ್ತದೆ ಎಂದಾಯಿತು. ಒಪ್ಪುವುದು ಹೇಗೆ, ಎಲ್ಲಿ ಒಪ್ಪುವುದಿಲ್ಲ, ಯಾರ ಕಂಠಕ್ಕೆ ಮಾತ್ರ ಒಪ್ಪುತ್ತದೆ ಎಂದು ನಾವು ಅಂದುಕೊಂಡಿದ್ದೇವೆ—ಇಷ್ಟನ್ನು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಮೊದಲು ಹಾಡಿನ ವಿಚಾರ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಪ್ರಕಟವಾದದ್ದು 1942ರಲ್ಲಿ. ಕವಿಗೆ ಆಗ 27 ವರ್ಷ. ಪ್ರೀತಿಸಿ, ಮನೆಯವರನ್ನು ಎದುರು ಹಾಕಿಕೊಂಡು ಓಡಿಹೋದವರ ಕತೆ ಅದರಲ್ಲಿಲ್ಲ. ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಪ್ರೀತಿಸಲು ಕಲಿತವರ ಹಾಡುಗಳು ಅವು. ತವರುಮನೆ, ಮಾವನ ಮನೆ, ನಾದಿನಿಯ ತುಂಟತನ, ಬಾಗಿಲಿಗೆ ಬಂದು ನಿಲ್ಲುವ ಬಳೆಗಾರ ಚೆನ್ನಯ್ಯ. ನಮ್ಮ ಕಡೆಯಲ್ಲಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಕೊಳ್ಳುವ ಶಂಕರಪುರದ ಮಲ್ಲಿಗೆಗೂ ಆ ಮೈಸೂರಿನ ಮಲ್ಲಿಗೆಗೂ ಜಾತಿ ಬೇರೆ ಇರಬಹುದು, ಮುಡಿದವಳ ಮನಸ್ಸು ಬೇರೆಯಲ್ಲ. ಹಾಗಾಗಿಯೇ ಘಟ್ಟದ ಮೇಲಿನ ಈ ಪದ್ಯಗಳು ಘಟ್ಟದ ಕೆಳಗಿನ ಅಡುಗೆಮನೆಗಳಿಗೂ ಬಂದವು.

ಬಂದದ್ದು ಹಾಡಾಗಿ. ಕವಿತೆಯನ್ನು ವೇದಿಕೆಗೆ ತಂದು ಜನರ ಮುಂದೆ ಹಾಡುವ ದಾರಿ ತೋರಿಸಿದವರು ಉಡುಪಿ ಕಡೆಯ ಆರೂರಿನ ಪಿ. ಕಾಳಿಂಗರಾವ್ (1914–1981). ಅವರ ಹಿಂದೆ ಮೈಸೂರು ಅನಂತಸ್ವಾಮಿ, ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಎಂಬುದು ಅಂಗಡಿಯಲ್ಲಿ ಸಿಗುವ ವಸ್ತುವಾಯಿತು. ಟೇಪ್ ಸಿಕ್ಕಿಹಾಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ ಪೀಳಿಗೆ ನಮ್ಮದು. 1992ರಲ್ಲಿ ಟಿ.ಎಸ್. ನಾಗಾಭರಣರ 'ಮೈಸೂರ ಮಲ್ಲಿಗೆ' ಸಿನಿಮಾ ಬಂತು; ಸಂಗೀತ ಅಶ್ವತ್ಥರದ್ದು. ಅದರ ಹಾಡುಗಳ ರಚನೆಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅವರು 75 ದಾಟಿದ್ದರು. ಇಪ್ಪತ್ತರ ಹರೆಯದಲ್ಲಿ ಬರೆದ ಪ್ರೀತಿಯ ಪದ್ಯಕ್ಕೆ ಅಜ್ಜನಾದ ಮೇಲೆ ಪ್ರಶಸ್ತಿ! ಇದು ಹುಡುಗರಿಗೆ ಸೇರಿದ್ದು ಎಂದು ಆಗ ಯಾರೂ ಹೇಳಲಿಲ್ಲ.

ಇನ್ನು ಕಂಠದ ವಿಚಾರ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಎಪ್ಪತ್ತು ತುಂಬಿದ ದಿನವೇ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರಿಯನ್ನು ವರ್ಷಗಟ್ಟಲೆ ಮಾಡಿಕೊಂಡೇ ಹಾಡಿದವರು, ರಾಗ ಹಾಕಿದವರು. ಮೈಕು ಕೆಟ್ಟರೂ ಕಾರ್ಯಕ್ರಮ ನಿಲ್ಲಲಾರದು ಎನ್ನುವಂಥ ಕಂಠ. 1990ರ 'ಸಂತ ಶಿಶುನಾಳ ಶರೀಫ' ಸಿನಿಮಾದಲ್ಲಿ ಆ ಕಂಠ ತನ್ನ ನಿಜವಾದ ಜಾಗ ಕಂಡಿತು. ಶರೀಫರ ತತ್ವಪದ ಬೀದಿಯಲ್ಲಿ ನಿಂತು ಕೂಗಿ ಹೇಳುವಂಥದ್ದು. ಮಲಗಿದವನನ್ನು ಎಬ್ಬಿಸುವ ಹಾಡಿಗೆ ಎಬ್ಬಿಸುವ ಕಂಠವೇ ಬೇಕು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂಬ ಕಾರ್ಯಕ್ರಮ ನಡೆಸಿ, ಬರೀ ಕನ್ನಡ ಕವಿಗಳ ಹಾಡುಗಳಿಗೆ ಒಂದು ಜನಸಾಗರವನ್ನೇ ಅವರು ಸೇರಿಸಿದರು. ಪಾಶ್ಚಾತ್ಯರಲ್ಲಿ ರಾಕ್ ಸಂಗೀತದವರಿಗೆ ಸೇರುವಷ್ಟು ಜನ, ಅಂಥದೇ ಅಬ್ಬರ. ಆಗ ಅವರಿಗೆ 65.

ಆದರೆ ಮಲ್ಲಿಗೆಯ ಹಾಡು ಬೀದಿಯದ್ದಲ್ಲ, ಕೋಣೆಯದ್ದು. ಇಲ್ಲಿ ಅಶ್ವತ್ಥರ ಬಗ್ಗೆ ನನಗಿರುವ ಒಂದು ದೂರನ್ನು ಹೇಳಿಬಿಡುತ್ತೇನೆ. ಎಲ್ಲಿ ತಗ್ಗಬೇಕೋ ಅಲ್ಲಿ ಅವರು ಎಷ್ಟೋ ಸಲ ಏರುತ್ತಾರೆ. ಚರಣ ಮುಗಿಯುವಲ್ಲಿ ಸ್ವರವನ್ನು ಎತ್ತಿ ತಾರಸ್ಥಾಯಿಗೆ ಎಸೆಯುವ ಆಸೆ ಅವರಿಗೆ. ಸಭೆ ಚಪ್ಪಾಳೆ ತಟ್ಟುತ್ತದೆ, ನಿಜ. ಆದರೆ ಗಂಡ ಹೆಂಡತಿಯ ಪಿಸುಮಾತು ಅಷ್ಟರಲ್ಲಿ ಮಂಗಳೂರಿನ ನೆಹರೂ ಮೈದಾನದ ಭಾಷಣವಾಗಿರುತ್ತದೆ. ಹೆಂಡತಿಯ ಹತ್ತಿರ ಹಾಗೆ ಬೊಬ್ಬೆ ಹೊಡೆದು ಪ್ರೀತಿ ಹೇಳುವವರುಂಟೇ ಮಾರಾಯ್ರೆ?

ಇಷ್ಟು ಹೇಳಿದ ಮೇಲೂ ನಾನು ಅವರನ್ನು ಕೇಳುವುದು ಬಿಟ್ಟಿಲ್ಲ. ಅದೇ ಕಂಠ ಕೆಲವೊಮ್ಮೆ ಕೆಳಗಿಳಿಯುತ್ತದೆ. ದಣಿವೋ, ಮನಸ್ಸೋ, ಸ್ವರ ಮಂದ್ರಕ್ಕೆ ಬಂದು ಅಲ್ಲಿ ಕೊಂಚ ಒರಟಾಗುತ್ತದೆ. ಕಲ್ಲಿನ ಮೇಲೆ ತೇಯ್ದ ಗಂಧದ ಕೊರಡಿನ ಹಾಗೆ. ಆ ಒರಟಿನಲ್ಲಿ ಕೇಳಿಸುವುದು ಹೊಸ ಮದುಮಗನ ಸಡಗರವಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ, ಜಗಳಾಡಿ, ಸಾಲ ತೀರಿಸಿ, ಮಕ್ಕಳ ಮದುವೆ ಮಾಡಿ, ಈಗಲೂ ಅವಳ ಹೆಜ್ಜೆಯ ಸದ್ದಿಗೆ ಕಿವಿಗೊಡುವವನ ಮಾತು. ಎಳೆಯ ಕಂಠ ಅದೇ ಸಾಲನ್ನು ಹಾಡಿದಾಗ ಅದು ಭರವಸೆ. ಮಾಗಿದ ಕಂಠ ಹಾಡಿದಾಗ ಸಾಕ್ಷಿ.

ರಾಯರು ಮಾವನ ಮನೆಗೆ ಬರುವ ಪದ್ಯವನ್ನೇ ನೋಡಿ. ಅದು ಗೊತ್ತಿಲ್ಲದ ಕನ್ನಡತಿ ಇರಲಾರಳು. ಬೆಳದಿಂಗಳ ರಾತ್ರಿ, ಕಾಲು ತೊಳೆಯಲು ಬಿಸಿನೀರು, ಬೆಳ್ಳಿಯ ಬಟ್ಟಲಲ್ಲಿ ಗಸಗಸೆ ಪಾಯಸ, ಹಾಸಿಗೆ ಎಲ್ಲ ಸಿದ್ಧ. ಪದುಮ ಮಾತ್ರ ಕಾಣುವುದಿಲ್ಲ. ಅವಳು ಒಳಗೆ ಇಲ್ಲವೆಂದು ನಾದಿನಿ ಹೇಳಿ ನಗುತ್ತಾಳೆ. ಒಳಗಿಲ್ಲ ಎಂದರೆ ಏನೆಂದು ಹೆಂಗಸರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ಹುಡುಗರೆದುರು ಅದನ್ನು ಬಿಡಿಸಿ ಹೇಳುವುದು ಹೇಗೆಂದು ಹಿಂದಿನ ಕಾಲದ ಅಧ್ಯಾಪಿಕೆಯರು ತಡವರಿಸುತ್ತಿದ್ದರೆಂದೂ ಕೇಳಿದ್ದೇನೆ. ಇರಲಿ. ಈ ಪದವನ್ನು ಕಂಠದಿಂದ ಕಂಠಕ್ಕೆ ಎಷ್ಟೋ ಮಂದಿ ಹಾಡಿದ್ದಾರೆ. ಎಳೆಯರು ಹಾಡುವಾಗ ರಾಯರ ಸಿಡಿಮಿಡಿಯೇ ಮುಂದೆ ಬರುತ್ತದೆ. ಪ್ರಯಾಣ ವ್ಯರ್ಥವಾಯಿತಲ್ಲ ಎಂಬ ಮುನಿಸು. ವಯಸ್ಸಾದವರು ಹಾಡುವಾಗ ನಾದಿನಿಯ ನಗು ಮುಂದೆ ಬರುತ್ತದೆ. ಕಾಯುವುದರಲ್ಲಿ ಪ್ರೀತಿ ಕಡಿಮೆಯಾಗದು ಎಂದು ಹಾಡುವವರಿಗೆ ಗೊತ್ತಿರುವುದರಿಂದ ಅವರು ರಾಯರನ್ನು ಸ್ವಲ್ಪ ಕೀಟಲೆ ಮಾಡಿಕೊಂಡೇ ಹಾಡುತ್ತಾರೆ. ಪದ್ಯದಲ್ಲಿ ನಗು ಮೊದಲೇ ಇತ್ತು. ಅದು ಕೇಳಿಸಬೇಕಾದರೆ ಹಾಡುವವರು ಒಂದಿಷ್ಟು ಬಾಳಿರಬೇಕು.

ಕುವೈಟಿನಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ರಜೆಯಲ್ಲಿ ಬಂದವನು ಈ ನನ್ನ ವಾದವನ್ನು ಕೇಳಿ, "ದೊಡ್ಡಮ್ಮ, ಅಲ್ಲಿಯೂ ಇಂಥವರೊಬ್ಬರಿದ್ದಾರೆ" ಎಂದು ನನ್ನ ಫೋನಿಗೆ ಕೆಲವು ಹಾಡು ಹಾಕಿಕೊಟ್ಟ. ಹಾಡಿದವರು ರಾಡ್ ಸ್ಟೂವರ್ಟ್. 1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಕ್ ಗಾಯಕ. ಉಪ್ಪುಕಾಗದ ಉಜ್ಜಿದಂಥ ಸ್ವರ. 2000ದಲ್ಲಿ ಥೈರಾಯಿಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಸ್ವರವೇ ಹೊರಡದೆ, ಹಾಡುವುದನ್ನು ಮತ್ತೆ ಮೊದಲಿನಿಂದ ಕಲಿತವರು. ಅದಾದ ಮೇಲೆ 2002ರಲ್ಲಿ, 57ನೇ ವಯಸ್ಸಿನಲ್ಲಿ, ಅವರು ರಾಕ್ ಸಂಗೀತವನ್ನು ಬದಿಗಿಟ್ಟು ಅಮೆರಿಕದ ಹಳೆಯ ಪ್ರೇಮಗೀತೆಗಳನ್ನು ಹಾಡಿ ಧ್ವನಿಮುದ್ರಿಸಿದರು. ಅಲ್ಲಿ ಅವಕ್ಕೆ 'ಸ್ಟ್ಯಾಂಡರ್ಡ್' ಎನ್ನುತ್ತಾರಂತೆ. ನಮ್ಮ ಮಲ್ಲಿಗೆಯ ಹಾಡುಗಳ ಹಾಗೆ, ಮೊದಲು ಯಾರು ಹಾಡಿದರೆಂದು ಕೇಳದೆ ಎಲ್ಲರೂ ಹಾಡುವ ಹಾಡುಗಳು. ಹೆಚ್ಚಿನವು ಹಳೆಯ ನಾಟಕ, ಸಿನಿಮಾಗಳಿಂದ ಬಂದವು. 2010ರ ಹೊತ್ತಿಗೆ ಇಂಥ ಐದು ಸಂಪುಟಗಳಾದವು. 2004ರ ಮೂರನೆಯ ಸಂಪುಟ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು, ಅವರ ಬಾಳಿನ ಮೊದಲ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು.

ಶಾಲೆಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಮಾತು ಪೂರ್ತಿ ಹಿಡಿಯದಿದ್ದರೂ ದನಿ ಹಿಡಿಯಿತು. ಅಬ್ಬರಿಸಿದ ಗಂಟಲು ತಗ್ಗಿ ಮಾತಾಡುವಾಗಿನ ಆಪ್ತತೆ ಅದರಲ್ಲಿದೆ. ಆದರೆ ಆ ಗಂಟಲ ಸುತ್ತ ಪಿಟೀಲುಗಳ ದೊಡ್ಡ ಮೇಳವನ್ನೇ ಕಟ್ಟಿದ್ದಾರೆ. ಸ್ವರ ಎಲ್ಲಿ ಒಡೆಯಬಹುದೋ ಅಲ್ಲಿ ಪಿಟೀಲು ಬಂದು ಮುಚ್ಚುತ್ತದೆ. ಒಂದೆರಡು ಹಾಡು ಹಿತ. ಹತ್ತನೆಯದಕ್ಕೆ ಬರುವಾಗ ಮದುವೆಯೂಟದಲ್ಲಿ ಎಲೆ ತುಂಬ ಹೋಳಿಗೆಯನ್ನೇ ಬಡಿಸಿದಂತೆ, ಉಪ್ಪಿನಕಾಯಿ ಎಲ್ಲಿ ಎಂದು ಹುಡುಕುವಂತಾಯಿತು. ಅಶ್ವತ್ಥರು ಕೂಗಿ ವಯಸ್ಸನ್ನು ಮರೆಸಿದರೆ, ಇವರು ಪಿಟೀಲಿನ ಸೆರಗು ಹೊದೆಸಿ ಮರೆಸುತ್ತಾರೆ. ದಾರಿ ಬೇರೆ, ದೋಷ ಒಂದೇ.

ಬಾಬ್ ಡಿಲನ್ ಎಂಬ ಇನ್ನೊಬ್ಬ ಹಿರಿಯ ಗಾಯಕ, ಮುಂದೆ 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು, 2015ರಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡಿದರು. ಫ್ರ್ಯಾಂಕ್ ಸಿನಾತ್ರ ಹಿಂದೆ ಹಾಡಿದ್ದ ಹತ್ತು ಹಾಡುಗಳನ್ನು ಆಯ್ದು, ದೊಡ್ಡ ಪಿಟೀಲು ಮೇಳ ಬೇಡವೆಂದು ತಮ್ಮ ಜೊತೆ ಊರೂರು ತಿರುಗುವ ಸಣ್ಣ ತಂಡದೊಂದಿಗೆ ಹಾಡಿದರು. ಅವರಿಗಾಗ 73. ಆ ಸ್ವರ ಸವೆದಿದೆ, ಬಿರುಕು ಬಿಟ್ಟಿದೆ. ಮುಚ್ಚುವ ಪ್ರಯತ್ನವೇ ಇಲ್ಲ. ನಮ್ಮ ಅಜ್ಜಿ ಹರಿದ ಸೀರೆಗೆ ಹೊಲಿಗೆ ಹಾಕಿ ಉಟ್ಟಾಗ ಹೊಲಿಗೆ ಕಾಣುತ್ತದೆಂದು ನಾಚುತ್ತಿರಲಿಲ್ಲವಲ್ಲ, ಹಾಗೆ. ಮೊದಲ ಸಲ ಕೇಳಲು ಕಷ್ಟ. ಮೂರನೆಯ ಸಲಕ್ಕೆ ಬಿಡಲು ಕಷ್ಟ.

ಹಾಗೆ ನೋಡಿದರೆ ನಮ್ಮ ಕರಾವಳಿಯವರಿಗೆ ಮುದಿ ಗಂಟಲಿನ ಪ್ರೇಮ ಹೊಸತಲ್ಲ. ಯಕ್ಷಗಾನದಲ್ಲಿ ಎಳೆಯ ನಾಯಕಿಯ ವಿರಹವನ್ನು ಹಾಡುವವರು ಯಾರು? ಭಾಗವತರು. ಮೂಡುಬಿದಿರೆ ಬಳಿಯ ಮಾರೂರಿನ ಬಲಿಪ ನಾರಾಯಣ ಭಾಗವತರು (1938–2023) ತಲೆ ನರೆತ ಮೇಲೂ ಕಟೀಲು ಮೇಳದಲ್ಲಿ ಏರುಸ್ವರದಲ್ಲಿ ಪದ ಎತ್ತಿದರೆ, ಶೃಂಗಾರದ ಪದಕ್ಕೆ ಈ ವಯಸ್ಸಿನವರೇಕೆ ಎಂದು ಬಯಲಿನಲ್ಲಿ ಕುಳಿತ ಯಾರಿಗೂ ತೋರಲಿಲ್ಲ. ನಾಯಕಿಗೆ ಹದಿನೆಂಟಾದರೆ ಕತೆಗೆ ಸಾವಿರ ವರ್ಷ; ಭಾಗವತರ ಗಂಟಲು ಕತೆಯ ಪರವಾಗಿ ಹಾಡುತ್ತದೆ. ಅವರ ಪಕ್ಕದಲ್ಲಿ ನೆನೆಯಬೇಕಾದ ಇನ್ನೊಂದು ಹೆಸರು ಲೀಲಾವತಿ ಬೈಪಾಡಿತ್ತಾಯರದ್ದು (1947–2024). ಮದುವೆಯಾದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ಗಂಡಸರದೇ ಆಗಿದ್ದ ತೆಂಕುತಿಟ್ಟಿನ ಮೇಳಗಳಲ್ಲಿ ತಿರುಗಾಟ ಮಾಡಿ, ರಾತ್ರಿ ಕಳೆದು ಬೆಳಗಾಗುವವರೆಗೆ ಪದ ಹೇಳಿದ ಹೆಣ್ಣುಮಗಳು. ಯುದ್ಧದ ಪದವನ್ನೂ ಹೇಳಿದರು, ಶೃಂಗಾರದ ಪದವನ್ನೂ ಹೇಳಿದರು.

ಆದರೆ ರಂಗಸ್ಥಳದಿಂದ ಇಳಿದು ನಮ್ಮ ನಡುವೆ ಬಂದರೆ ಲೆಕ್ಕ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ನಿವೃತ್ತರಾಗುವ ದಿನ, ಬೀಳ್ಕೊಡುಗೆ ಸಭೆಯಲ್ಲಿ ಒಂದು ಹಾಡು ಹೇಳಿ ಎಂದು ಎಲ್ಲರೂ ಒತ್ತಾಯಿಸಿದರು. ಒಳ್ಳೆಯ ಕಂಠ ಅವರದ್ದು. ವರ್ಷವರ್ಷವೂ ಪ್ರಾರ್ಥನೆ, ನಾಡಗೀತೆ ಕಲಿಸಿದ ಕಂಠ. ಅವರು 'ಮೈಸೂರ ಮಲ್ಲಿಗೆ'ಯದೊಂದು ಹಾಡನ್ನು ಎತ್ತಿಕೊಂಡರು. ಎರಡನೆಯ ಸಾಲಿಗೆ ಹಿಂದಿನಿಂದ ಯಾರೋ, "ಟೀಚರಿಗೆ ಈಗ ಹುರುಪು ಬಂತು" ಎಂದರು. ಸಭೆ ನಕ್ಕಿತು. ಕೆಟ್ಟ ಮನಸ್ಸಿನಿಂದಲ್ಲ ಎಂದು ಎಲ್ಲರೂ ಹೇಳಿಯಾರು. ಅವರು ಅಲ್ಲಿಗೇ ನಿಲ್ಲಿಸಿ, ತಾವೂ ನಕ್ಕು, ಒಂದು ದೇವರನಾಮ ಹಾಡಿ ಕುಳಿತರು. ಆ ದೇವರನಾಮ ಚೆನ್ನಾಗಿಯೇ ಇತ್ತು. ನಿಂತುಹೋದ ಹಾಡು ಅದಕ್ಕಿಂತ ಚೆನ್ನಾಗಿತ್ತು. ಅದೇ ಹಾಡನ್ನು ಅದೇ ವಯಸ್ಸಿನಲ್ಲಿ ಅಶ್ವತ್ಥ್ ಹಾಡಿದಾಗ ನಾವು ಕಣ್ಣುಮುಚ್ಚಿ ತಲೆದೂಗಿದವರಲ್ಲವೇ?

ಹೆಣ್ಣಿನ ಮಾಗಿದ ಕಂಠ ಪ್ರೀತಿಯನ್ನು ಹಾಡಬಹುದು, ಮುಖ ಕಾಣಿಸಬಾರದು ಎಂಬುದೊಂದು ಒಪ್ಪಂದ ನಮ್ಮಲ್ಲಿದ್ದ ಹಾಗಿದೆ. ಸಿನಿಮಾದಲ್ಲಿ ಅಜ್ಜಿಯಾಗುವ ವಯಸ್ಸಿನ ಗಾಯಕಿ ಹದಿನೆಂಟರ ನಾಯಕಿಗೆ ಹಾಡಿದರೆ ಅಡ್ಡಿಯಿಲ್ಲ; ಪರದೆಯ ಮೇಲೆ ಕಾಣುವುದು ಬೇರೆಯವಳ ಮುಖ ತಾನೆ? ಎಸ್. ಜಾನಕಿಯವರು 2017ರಲ್ಲಿ, 79ರ ವಯಸ್ಸಿನಲ್ಲಿ, ಮೈಸೂರಿನ ವೇದಿಕೆಯಲ್ಲಿ ಇದೇ ಕೊನೆಯ ಕಛೇರಿ ಎಂದು ಹಾಡಿದಾಗ ಜನ ಆ ಮುಖವನ್ನು ನೋಡುತ್ತಲೇ ಆ ಹಾಡುಗಳನ್ನು ಕೇಳಿದರು. ಯಾರೂ ನಗಲಿಲ್ಲ. ಕಣ್ಣೀರಿಟ್ಟರು. ಒಪ್ಪಂದ ಮುರಿಯಲಾರದಷ್ಟು ಗಟ್ಟಿಯಾದದ್ದೇನೂ ಅಲ್ಲ ಎಂದಾಯಿತು.

ಇನ್ನೊಂದು ಸಂಗತಿ. ರಾಡ್ ಸ್ಟೂವರ್ಟರನ್ನು ಹೊಗಳುವವರು ಮರೆಯುವುದುಂಟು: ಆ ದಾರಿಯಲ್ಲಿ ಅವರಿಗಿಂತ 19 ವರ್ಷ ಮೊದಲು ನಡೆದವಳು ಒಬ್ಬ ಹೆಂಗಸು. ಲಿಂಡಾ ರಾನ್‌ಸ್ಟ್ಯಾಟ್ ಎಂಬ ರಾಕ್ ಗಾಯಕಿ 1983ರಲ್ಲಿ, 37ನೇ ವಯಸ್ಸಿನಲ್ಲಿ, ಸಿನಾತ್ರರಿಗೆ ವಾದ್ಯ ಹೊಂದಿಸಿಕೊಟ್ಟಿದ್ದ ನೆಲ್ಸನ್ ರಿಡಲ್ ಎಂಬ ಹಿರಿಯರನ್ನು ಜೊತೆಗಿಟ್ಟುಕೊಂಡು ಈ ಹಳೆಯ ಪ್ರೇಮಗೀತೆಗಳನ್ನು ಹಾಡಿದಳು. ಬೇಡ, ಇದರಿಂದ ನಿನ್ನ ಹೆಸರು ಹಾಳಾದೀತು ಎಂದು ಸುತ್ತಲಿನವರು ತಡೆದಿದ್ದರು. ಹಾಡು ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ 2013ರಲ್ಲಿ ಆಕೆ, ಕಾಯಿಲೆಯಿಂದಾಗಿ ತನಗಿನ್ನು ಹಾಡಲಾಗುವುದಿಲ್ಲ ಎಂದು ಹೇಳಬೇಕಾಯಿತು. ಆ ಹಾಡುಗಳು ಎಪ್ಪತ್ತರ ಕಂಠದಲ್ಲಿ ಹೇಗಿರುತ್ತಿದ್ದವು ಎಂದು ಕೇಳುವ ಭಾಗ್ಯ ಯಾರಿಗೂ ಇಲ್ಲ. ಆಕೆಯನ್ನು ತಡೆದದ್ದು ರೋಗ. ನಮ್ಮನ್ನು ತಡೆಯುವುದು ಹಿಂದಿನ ಬೆಂಚಿನ ಒಂದು ನಗು. ರೋಗಕ್ಕೆ ಮದ್ದಿಲ್ಲದಿರಬಹುದು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಅಶ್ವತ್ಥರ ಶರೀಫ ಪದಗಳನ್ನು ಬೇಕಾದಷ್ಟು ಜೋರಾಗಿ ಇಟ್ಟು ಕೇಳಿ. ಅವು ಅದಕ್ಕೇ ಹುಟ್ಟಿದವು. ಮಲ್ಲಿಗೆಯ ಹಾಡುಗಳನ್ನು ಕೇಳುವಾಗ ಅವರು ಏರುವಲ್ಲಿ ಕ್ಷಮಿಸಿ, ಇಳಿಯುವಲ್ಲಿ ಕಿವಿಗೊಡಿ. ಅವರ ಜೊತೆ ಹಾಡಿದ ರತ್ನಮಾಲಾ ಪ್ರಕಾಶರನ್ನೂ ಕೇಳಿ. ಅವರು ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಅವರ ಮಗಳು. ತಗ್ಗಿ ಹಾಡಿಯೂ ಸಭೆಯ ಕೊನೆಯ ಸಾಲನ್ನು ಮುಟ್ಟಬಹುದೆಂದು ಆ ಕಂಠ ತೋರಿಸುತ್ತದೆ. ರಾತ್ರಿ ಅಡುಗೆಮನೆ ಒರೆಸಿ, ನಾಳೆಯ ಅಕ್ಕಿ ನೆನೆಹಾಕಿ ಆದ ಮೇಲಿನ ಹೊತ್ತು ಇದಕ್ಕೆ ಸರಿ. ಬಾಯಿಗೆ ಬಂದರೆ ನೀವೂ ಗುನುಗಿ. ಮನೆಯವರು ತಲೆಯೆತ್ತಿ ನೋಡಿದರೆ ನಿಲ್ಲಿಸಬೇಡಿ.

ನನಗೆ ಕೇಳಬೇಕಾಗಿರುವ ಒಂದು ಧ್ವನಿಮುದ್ರಿಕೆ ಇದೆ. ಅರುವತ್ತೈದು ದಾಟಿದ ಒಬ್ಬ ಹೆಂಗಸು, ಒಂದು ತಂಬೂರಿ, ಒಂದು ಕೊಳಲು, ಬೇಕಾದರೆ ತಬಲಾ. ಇಡೀ 'ಮೈಸೂರ ಮಲ್ಲಿಗೆ'. ಸ್ವರ ನಡುಗುವಲ್ಲಿ ನಡುಗಲಿ, ಉಸಿರು ತೆಗೆದುಕೊಳ್ಳುವ ಸದ್ದು ಕೇಳಿಸಲಿ. ಯಾರಾದರೂ ಹಾಡಿ ಹೊರತಂದರೆ ನಮ್ಮ ಭಜನಾ ಮಂಡಳಿಯ ಹನ್ನೆರಡು ಮಂದಿಯೂ ಕೊಳ್ಳುವಂತೆ ಮಾಡುವ ಜವಾಬ್ದಾರಿ ನನ್ನದು.